ಏಳನೆಯ ಅಗುಳಿ

ವಿಚಿಟಾ. ಜನವರಿ. ಬೆಳಿಗ್ಗೆ ಹತ್ತೂಕಾಲು.
ಟಲ್ಸಾದಲ್ಲಿ ಮಂಜು ಕವಿದು ಇಳಿಯಲಾಗದೆ
ಹೋದ ದಾರಿಯಲ್ಲೇ ಮರಳಿತ್ತು ವಿಮಾನ.
ಒಂಬತ್ತು ಸೀಟಿನದು, ಚೂಪು ಮೂಗು, ಬೆಣ್ಣೆ ಬಣ್ಣದ ಮೈ,
ಒಳಗೆ ಇಬ್ಬರು ಪೈಲಟ್‌ಗಳು, ಒಬ್ಬಳು ಮುದುಕಿ.
ಬಾಗಿಲು ಮಾತ್ರ ತೆರೆಯುತ್ತಿಲ್ಲ.

"ಹಿಡಿಕೆ ಅರ್ಧ ತಿರುಗಿ ನಿಲ್ಲುತ್ತಂತೆ!"
ಡ್ವೇನ್ ರೇಡಿಯೋದಲ್ಲಿ ಕೂಗಿದ. ಏಣಿ ಹೊತ್ತು ಓಡಿದೆ.
ಕಾನ್ಸಾಸ್‌ನ ಗಾಳಿಗೆ ಅಡ್ಡ ನಿಲ್ಲಲು
ಮರವಿಲ್ಲ, ಗುಡ್ಡವಿಲ್ಲ; ಅದಕ್ಕೆ ಮುಲಾಜೂ ಇಲ್ಲ.
ಕೈಗವಸಿನೊಳಗೆ ಹತ್ತೂ ಬೆರಳಿವೆಯೋ ಎಂದು
ಎಣಿಸಿ ನೋಡಿಕೊಳ್ಳಬೇಕು.

ಕೈಪಿಡಿಯಲ್ಲಿ ಎಲ್ಲಕ್ಕೂ ಒಂದೇ ಪದ, ಲ್ಯಾಚ್.
ನನ್ನ ತಲೆಯೊಳಗೆ ಇನ್ನೂ ದಾವಣಗೆರೆ ಬಸ್‌ಸ್ಟ್ಯಾಂಡಿನ ಪಕ್ಕ
ಬೀಗ ರಿಪೇರಿಯ ಅಪ್ಪನ ಡಬ್ಬದಂಗಡಿ:
ಚಿಲಕ ಬೇರೆ, ಅಗುಳಿ ಬೇರೆ, ಕೊಂಡಿ ಬೇರೆ, ತಿರುಗಣಿ ಬೇರೆ,
ಒಂದರ ಮೇಲಿನ ಸಿಟ್ಟು ಇನ್ನೊಂದರ ಮೇಲೆ ತೀರಿಸಬಾರದು.
"ಬೀಗದ ಜೊತೆ ಜಗಳಕ್ಕಿಳೀಬೇಡ ಮಗಳೇ,
ಅದಕ್ಕೆ ಪುರುಸೊತ್ತಿದೆ. ನಿನಗಿಲ್ಲ."

ಈ ಬಾಗಿಲಿಗೆ ಏಳು ಅಗುಳಿ.
ತಗಡಿಗೆ ಕಿವಿ ಹಚ್ಚಿ, ಒಳಗಿನ ಪೈಲಟ್‌ಗೆ
ಮೆಲ್ಲಗೆ ತಿರುಗಿಸು ಎಂದು ಸನ್ನೆ ಮಾಡಿದೆ.
ಟಕ್. ಟಕ್. ಆರು ಸಲ.
ಏಳನೆಯದು, ಕೆಳಮೂಲೆಯದು, ಮಾತಾಡಲಿಲ್ಲ.

"ರೆಕ್ಕೆ ಮೇಲಿನ ಕಿಂಡಿಯಿಂದ ಇಳಿಸೋಣ," ಅಂದ ಡ್ವೇನ್.
ಕಿಟಕಿಯಲ್ಲಿ ಮುದುಕಿ ಆಗದೆಂದು ತಲೆಯಾಡಿಸಿದಳು.
ಮಿಸೆಸ್ ಓಪಲ್ ಷ್ರೇಡರ್, ಎಂಬತ್ತೇಳು,
ಗೋಧಿ ಕಣಜಗಳ ಒಡತಿ, ಸೊಂಟದ ಕೀಲು ಎರಡೂ ಉಕ್ಕಿನವು.
ಬ್ಯಾಗಿನಿಂದ ಇಸ್ಪೀಟು ಕಟ್ಟು ತೆಗೆದು
ಎದುರಿನ ಖಾಲಿ ಸೀಟಿಗೂ ಎಲೆ ಹಾಕಿದಳು,
ಕಣ್ಣು ನನ್ನ ಮೇಲೇ ಇಟ್ಟು.

ಬಿಸಿಗಾಳಿಯ ಕೊಳವೆ ಎಳೆತಂದು ಮೂಲೆಗೆ ಹಿಡಿದೆ.
ಐದು ನಿಮಿಷ. ಹತ್ತು.
ಕರಗಿದ ನೀರು ಹೊರಗೆ ಬರಬೇಕಿತ್ತು, ಬರಲಿಲ್ಲ.
ಮಂಡಿಯೂರಿ ಕೆಳಗಿನಿಂದ ನೋಡಿದರೆ
ನೀರಿಳಿಯುವ ತೂತಿನ ಮೇಲೆ, ಹೆಬ್ಬೆರಳಗಲ,
ಬಣ್ಣದಲ್ಲಿ ಬಣ್ಣ ಸೇರಿ ಕಾಣದಂತೆ
ಒಂದು ಚೂರು ಟೇಪು.

ನಿನ್ನೆ ಬೆಚ್ಚಗಿನ ಹ್ಯಾಂಗರಿನಲ್ಲಿ ತೊಳೆಯುವಾಗ ಅಂಟಿಸಿದ್ದು.
ತೊಳೆದಾದ ಮೇಲೆ ಕೀಳಬೇಕಿದ್ದದ್ದು.
ಒಳಗೆ ನಿಂತ ನೀರು ಆಕಾಶದಲ್ಲಿ ಹರಳುಗಟ್ಟಿ
ಅಗುಳಿಯನ್ನು ಕಚ್ಚಿ ಹಿಡಿದಿತ್ತು.

ಯಾರ ಕೆಲಸವೆಂದು ಕೇಳಬೇಕಿರಲಿಲ್ಲ.
ಟೇಪಿನ ತುದಿ ಒಳಕ್ಕೆ ಮಡಚಿತ್ತು, ಕೀಳಲು ಸುಲಭವಾಗಲೆಂದು,
ಅಪ್ಪ ಮಡಚಿಡುತ್ತಿದ್ದ ಹಾಗೆ.
ಈ ಹ್ಯಾಂಗರಿನಲ್ಲಿ ಹಾಗೆ ಮಡಚುವವಳು
ನಾನೊಬ್ಬಳೇ.

ಕಿತ್ತೆ. ತಣ್ಣೀರು ತೋಳಿನೊಳಗೆ ಮೊಣಕೈವರೆಗೂ ಇಳಿಯಿತು.
ಆಮೇಲೆ ಏಳನೆಯ ಟಕ್.
ಮೆಟ್ಟಿಲು ಮಡಿಕೆ ಬಿಚ್ಚಿಕೊಂಡು ನೆಲ ಮುಟ್ಟಿತು.
ಚೌಕಟ್ಟು ಹಿಡಿದು ಒಂದೊಂದೇ ಮೆಟ್ಟಿಲಿಳಿದ ಮುದುಕಿ
"ನಿನಗೆ ಒಳ್ಳೇ ಎಲೆ ಬಿದ್ದಿದ್ದವು," ಅಂದಳು,
"ನೀನು ಆಡಲು ಬರಲೇ ಇಲ್ಲ."

ಟೇಪು ನನ್ನ ಮುಷ್ಟಿಯಲ್ಲಿತ್ತು.
ಬಡಗಣ ಗಾಳಿ; ಬೆರಳು ಸಡಿಲಿಸಿದ್ದರೆ ಸಾಕಿತ್ತು,
ಸಂಜೆಯೊಳಗೆ ಅದು ಒಕ್ಲಹೋಮಾ.
ಊರು ಕೊಳ್ಳೆ ಹೋದಮೇಲೆ
ದಿಡ್ಡಿ ಬಾಗಿಲು ಹಾಕಿದವರಿಗೊಂದು ಗಾದೆಯಿದೆ.
ತಾನೇ ಮುಚ್ಚಿದ ಬಾಗಿಲನ್ನು ತಾನೇ ತೆರೆದು
ಬೆನ್ನು ತಟ್ಟಿಸಿಕೊಂಡವಳಿಗೆ?

"ಮಂಜುಗಡ್ಡೆ ಅಂತ ಬರಿ," ಅಂದ ಡ್ವೇನ್, ನನ್ನ ಮುಷ್ಟಿ ನೋಡುತ್ತ,
"ಸುಳ್ಳೇನಲ್ಲವಲ್ಲ."
ಅಲ್ಲ. ಮಂಜುಗಡ್ಡೆ ಎಂದು ಬರೆದೆ.
ಅದರ ಮುಂದೆ ಟೇಪು ಎಂದೂ ಬರೆದೆ, ಹೆಸರೂ.
ಆ ಚೂರನ್ನೇ ಹಾಳೆಯ ಅಂಚಿಗೆ ಒತ್ತಿ ನೋಡಿದೆ.
ಒದ್ದೆಯಾಗಿತ್ತು, ಅಂಟಲಿಲ್ಲ.
ಸ್ಟೇಪಲ್ ಹೊಡೆದೆ.