ತೂಕದ ಪಟ್ಟಿ

ಗ್ದಿನಿಯಾದ ಹಡಗುಕಟ್ಟೆಯಲ್ಲಿ ಏಳನೇ ನಂಬರಿನ ಕ್ರೇನು ನನ್ನದು.
ನನ್ನದು ಅಂದರೆ, ಇಪ್ಪತ್ತೊಂಬತ್ತು ವರ್ಷ
ಅದರ ನೆತ್ತಿಯಲ್ಲಿ ಕೂತವಳು.
ಏಣಿಗೆ ನೂರ ನಲವತ್ತೆರಡು ಮೆಟ್ಟಿಲು.
ಎಣಿಸಿದ್ದು ನಾನಲ್ಲ, ನನ್ನ ಎಡಮಂಡಿ.

ಪಿಂಚಣಿ ಕಚೇರಿಯ ಹುಡುಗಿ, ಉಗುರಿಗೆ ಹಸಿರು ಬಣ್ಣ,
ಪರದೆಯನ್ನು ನನ್ನತ್ತ ತಿರುಗಿಸಿದಳು:
"ಬೊಜೆನಾ ಅವರೇ, ಲೆಕ್ಕ ಬಲು ಸುಲಭ.
ಇಲ್ಲಿಯವರೆಗೆ ನೀವು ಕಟ್ಟಿದ್ದು ಇಷ್ಟು.
ಇನ್ನು ಬದುಕುವ ತಿಂಗಳು, ಸರಾಸರಿ,
ಇನ್ನೂರ ಅರವತ್ತು ಚಿಲ್ಲರೆ.
ಅದರಿಂದ ಇದನ್ನು ಭಾಗಿಸುವುದು, ಅಷ್ಟೇ."
"ಒಂದು ವರ್ಷ ತಡೆದು ಬಂದರೆ?"
"ತಿಂಗಳು ಕಡಿಮೆಯಾಗುತ್ತವೆ, ಪಾಲು ದೊಡ್ಡದಾಗುತ್ತದೆ."
ಹೇಳಿ ನಕ್ಕಳು. ಒಳ್ಳೆಯ ಸುದ್ದಿ ತಾನೇ ಅದು.
ಹಾಗಾದರೆ ಸಾಯುವ ಹಿಂದಿನ ದಿನ ಬಂದರೆ
ಈ ಊರಿಗೇ ದೊಡ್ಡ ಸಾವುಕಾರ್ತಿ ನಾನು.

ರಾತ್ರಿ ಹಳೆ ಕ್ಯಾಲೆಂಡರಿನ ನವೆಂಬರ್ ಹಾಳೆ ಹರಿದು
ಅದರ ಬೆನ್ನಿಗೆ ಬರೆದೆ:
ಬಾಡಿಗೆ. ಚಳಿಗಾಲದ ಬಿಸಿನೀರ ಕೊಳವೆ. ಬಿ.ಪಿ. ಮಾತ್ರೆ.
ಆಲೂಗಡ್ಡೆ, ರೈ ಬ್ರೆಡ್ಡು, ಶುಕ್ರವಾರಕ್ಕೆ ಹೆರಿಂಗ್ ಮೀನು.
ಕನ್ನಡಕ. ಅದನ್ನು ಹುಡುಕಲು ಇನ್ನೊಂದು ಕನ್ನಡಕ.
ವರ್ಷಕ್ಕೊಮ್ಮೆ ಅಕ್ಕನ ಊರಿಗೆ ರೈಲು,
ಅಕ್ಕನ ಜೊತೆ ಜಗಳವಾದರೆ
ಮರುದಿನವೇ ವಾಪಸು ಬರುವ ದುಬಾರಿ ಟಿಕೆಟ್ಟು.
ಕಾಡಿನ ಅಣಬೆಗೆ ಸೊನ್ನೆ.
ಸಮುದ್ರ ನೋಡುವುದಕ್ಕೆ ಸೊನ್ನೆ;
ಇಷ್ಟು ದಿನ ಅದನ್ನು ನೋಡಲಿಕ್ಕೆ
ನನಗೇ ಸಂಬಳ ಕೊಡುತ್ತಿದ್ದರು.

ಆಮೇಲೆ ಝೆನೊನ್.
ಇಲ್ಲಿ ಗೋರಿಗೂ ಬಾಡಿಗೆ. ಇಪ್ಪತ್ತು ವರ್ಷಕ್ಕೊಮ್ಮೆ ಕಟ್ಟಬೇಕು;
ಕಟ್ಟದಿದ್ದರೆ ಕಲ್ಲಿನ ಮೇಲೊಂದು ಹಳದಿ ಚೀಟಿ,
'ಸಂಬಂಧಪಟ್ಟವರು ಕಚೇರಿಗೆ ಬರತಕ್ಕದ್ದು.'
ಬದುಕಿದ್ದಾಗ ಗಡಿಯಾರ ಕಟ್ಟದ ಮನುಷ್ಯ,
ಅವನ ಗಡುವು ಬರುವ ಮಾರ್ಚಿಗೆ.
ಇನ್ನಿಪ್ಪತ್ತು ವರ್ಷಕ್ಕೆ ಕಟ್ಟಿದರೆ ಆಗ ನನಗೆ ಎಂಬತ್ತೊಂದು.
ಹುಡುಗಿಯ ಲೆಕ್ಕದಲ್ಲಿ
ಅವನ ಬಾಡಿಗೆ ತೀರಿದ ಮೇಲೂ ನಾನು ಒಂದು ವರ್ಷ ಇರುತ್ತೇನೆ.
ಆ ಒಂದು ವರ್ಷ ಅವನನ್ನು ಎಲ್ಲಿಡುವುದು?

"ಎರಡರಷ್ಟು ಬೇಕು ಕಣೇ" ಅನ್ನುತ್ತಾನೆ ರಿಷಾರ್ಡ್,
"ಏನೇ ಬರೆದಿದ್ದರೂ ಅದರ ಎರಡರಷ್ಟು."
ನಿವೃತ್ತನಾಗಿ ತೊಂಬತ್ತು ದಿನಕ್ಕೆ ವಾಪಸು ಬಂದವನು,
ಈಗ ಗೇಟಿನಲ್ಲಿ ಕೂತು ಲಾರಿ ನಂಬರು ಬರೆದುಕೊಳ್ಳುತ್ತಾನೆ.
ದುಡ್ಡು ಸಾಲದೆ ಬಂದೆಯಾ ಅಂದರೆ,
"ದುಡ್ಡಿತ್ತು. ಮಂಗಳವಾರಗಳು ಜಾಸ್ತಿ ಇದ್ದವು."
ಮಂಗಳವಾರಕ್ಕೆ ಎಷ್ಟು ಅಂತ ಬರೆಯಲಿ?

ನನಗೆ ಗೊತ್ತಿರುವ ಗಣಿತ ಒಂದೇ,
ಕ್ಯಾಬಿನ್ನಿನ ಎಡಗೋಡೆಗೆ ಅಂಟಿಸಿದ ತೂಕದ ಪಟ್ಟಿ.
ತೋಳು ಹತ್ತಿರವಿದ್ದರೆ ನಲವತ್ತು ಟನ್ನು.
ಚಾಚುತ್ತ ಹೋದಂತೆ ಇಪ್ಪತ್ತೈದು, ಹದಿನಾರು,
ತುತ್ತತುದಿಯಲ್ಲಿ ಎಂಟು.
ಅದೇ ಕಬ್ಬಿಣ, ಅದೇ ಮೋಟಾರು. ದೂರ ಮಾತ್ರ ಬೇರೆ.
ಇವತ್ತಿನ ನೂರು ಜ್ಲೋಟಿಯನ್ನು
ನನ್ನ ಎಂಬತ್ತರವರೆಗೆ ಚಾಚಿದರೆ
ಅದು ಒಂದು ಬ್ರೆಡ್ಡನ್ನಾದರೂ ಎತ್ತೀತೆ?
ಹುಡುಗಿಯ ಪರದೆಯಲ್ಲಿ ತೋಳಿನ ಉದ್ದ ಇರಲಿಲ್ಲ.

ಎತ್ತುವುದಕ್ಕಿಂತ ಇಳಿಸುವುದು ಕಷ್ಟ.
ಕೊನೆಯ ಒಂದು ಮೊಳ ನನಗೆ ಕಾಣುವುದಿಲ್ಲ.
ಕೆಳಗೆ ಕಿತ್ತಳೆ ಅಂಗಿಯ ಹುಡುಗ ಬೆರಳಾಡಿಸುತ್ತಾನೆ:
ಇನ್ನೂ, ಇನ್ನೂ, ಚೂರು. ಆಮೇಲೆ ಮುಷ್ಟಿ ಕಟ್ಟುತ್ತಾನೆ.
ಸಾಕು.
ಈ ಮೇಜಿನ ಕೆಳಗೆ ಅಂಥವನು ಯಾರೂ ನಿಂತಿಲ್ಲ.
ಬೆಕ್ಕು ನಿಂತಿದೆ. ಸಾಕಿದ್ದಲ್ಲ, ತಾನಾಗಿ ಬಂದದ್ದು;
ಎಷ್ಟು ಹಾಕಿದರೂ ಅದಕ್ಕೆ ಸಾಕಾಗುವುದಿಲ್ಲ.
ಅದನ್ನೂ ಪಟ್ಟಿಗೆ ಸೇರಿಸಿದೆ, ತಿಂಗಳಿಗೆ ಅರವತ್ತು.

ಕೂಡಿಸಲಿಲ್ಲ. ಹಾಳೆ ಮಡಿಸಿ ಸಕ್ಕರೆ ಡಬ್ಬಿಯ ಅಡಿಗಿಟ್ಟೆ.

ಬೆಳಿಗ್ಗೆ ಗಾಳಿ ಜೋರು, ಕ್ರೇನು ಹತ್ತುವಂತಿಲ್ಲ.
ರಿಷಾರ್ಡನ ಗೂಡಿನಲ್ಲಿ ಇಬ್ಬರೂ ಚಹಾ ಕುಡಿಯುತ್ತ ಕೂತೆವು,
ಗಂಟೆಗಳು ಹೋಗುತ್ತಿದ್ದವು, ಸಂಬಳ ಓಡುತ್ತಿತ್ತು.
"ಹೀಗೇ ಇರುತ್ತದೆ" ಅಂದ, "ಸಂಬಳ ಒಂದು ಬಿಟ್ಟು."
ಕಿಟಕಿಯಾಚೆ ಏಳನೇ ನಂಬರು
ಖಾಲಿ ಕೊಕ್ಕೆ ತೂಗುತ್ತ ನಿಂತಿತ್ತು.
ಅವತ್ತು ಮಂಗಳವಾರ.