ಮೊದಲಿನ ತೂತುಗಳು

ವಿಮಲಾಕ್ಷಿಯವರು ಒಂದು ನೋಟ್‌ಬುಕ್ಕು ತಂದರು,
ಹಳೇ ತಲೆದಿಂಬಿನ ಚೀಲದಲ್ಲಿ ಸುತ್ತಿ.
"ಮಸ್ತಾನ್ ಸಾಬ್ರೇ, ಇದನ್ನು ಎರಡು ಮಾಡಿಕೊಡಿ.
ಇಂಗ್ಲಿಷಿನ ಅರ್ಧ ಸೀಮೆಗೆ ಹೋಗಬೇಕು,
ಲಿಡಿಯಮ್ಮನ ಕಡೆಯವರು ಕಾಗದ ಬರೆದಿದ್ದಾರೆ.
ಕನ್ನಡದ್ದು ನಮ್ಮಜ್ಜಿದು. ಅದು ನಮಗಿರಲಿ."

ನ್ಯಾಯದ ಮಾತೇ.
ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಈ ಗೂಡಲ್ಲಿ ಕೂತು
ಅಣ್ಣತಮ್ಮಂದಿರ ಪಾಲುಪತ್ರಕ್ಕೂ ರಟ್ಟು ಕಟ್ಟಿದವನು ನಾನು.

ಮುಂದಿನಿಂದ ಇಂಗ್ಲಿಷು: ಕಪ್ಪು ಮಸಿ,
ಗಾಳಿಗೆ ಬಾಗಿದ ಹುಲ್ಲಿನಂಥ ಅಕ್ಷರ.
ಹಿಂದಿನಿಂದ, ಪುಸ್ತಕ ತಲೆಕೆಳಗು ಮಾಡಿ, ಕನ್ನಡ:
ಪೆನ್ಸಿಲ್ಲು, ಒಂದೊಂದೂ ಅವರೆಕಾಳಿನ ಗಾತ್ರ,
ಮೂವತ್ತೆಂಟಕ್ಕೆ ಓದು ಕಲಿತ ಕೈ.

ಮೂಡಿಗೆರೆ ಕಡೆ ಒಂದು ಡಿಸ್ಪೆನ್ಸರಿಯಂತೆ,
ಲಿಡಿಯಮ್ಮ ನರ್ಸು, ತಾಯಮ್ಮಜ್ಜಿ ಆಯಾ.
"ಅವರು ಕ್ವೇಕರು. ಅಂದರೆ ನಡುಗುವವರಂತೆ.
ಪಾದ್ರಿಯಿಲ್ಲ, ಹಾಡಿಲ್ಲ, ಸುಮ್ಮನೆ ಕೂರುವುದೇ ಪೂಜೆ.
ಒಳಗಿಂದ ಮಾತು ಬಂದರೆ ಎದ್ದು ಹೇಳುವುದು,
ಬರದಿದ್ದರೆ ಎದ್ದು ಮನೆಗೆ ಹೋಗುವುದು."
ವಾರಕ್ಕೂ ಹೆಸರಿಡರಂತೆ;
ಮೊದಲ ದಿನ, ಎರಡನೆಯ ದಿನ, ಎಣಿಸಿದರೆ ಸಾಕಂತೆ.
ನನ್ನ ಕೈಯೂ ನಡುಗುತ್ತದೆ, ಅರವತ್ತಾದ ಮೇಲೆ.
ಅದಕ್ಕೆ ಯಾರೂ ಮತದ ಹೆಸರಿಟ್ಟಿಲ್ಲ.

ಇಂಗ್ಲಿಷು ಅವರೇ ಓದಿ ಹೇಳಿದರು:
ಯಾರು ಯಾರೋ ಸಂತರ ಮಾತು,
ಅಕ್ಕನ ಕಾಗದದಿಂದ ಎರಡು ಸಾಲು,
ಯಾವುದೋ ಮಗುವಿನ ಗೋರಿಕಲ್ಲಿನ ಬರಹ.
ಕನ್ನಡ ನಾನೇ ಓದಿದೆ:

"ನೀರು ಕೊಡುವ ಮುಂಚೆ ಕುಲ ಕೇಳಿದರೆ
ಕೊಡದಿರುವುದೇ ವಾಸಿ. ವಸ್ತಾರೆ ಸಂತೆ, ಬಳೆಗಾರ."
"ಸಾಲ ತೀರಿಸಿದ ದಿನ ಮಾಡಿದ್ದೇ ನಮಾಜು.
ಗಿರಿಯಿಂದ ಇಳಿದ ಫಕೀರ, ಹೆಸರು ಕೇಳಲಿಲ್ಲ."
"ಹೆರಿಗೆ ಕೋಣೆಯಲ್ಲಿ ಎಲ್ಲ ದೇವರ ಹೆಸರೂ
ಒಂದೇ ಉಸಿರಿಗೆ ಬರುತ್ತೆ. ನಾನೇ ಕಂಡದ್ದು."
ಅದರ ಕೆಳಗೆ: ಸೀಗೆಪುಡಿ, ಎರಡಾಣೆ.

ಸರಿ, ದಾರ ಕತ್ತರಿಸಿದೆ.
ನಲವತ್ತೆಂಟು ಎಲೆ, ಒಂದೇ ಕಟ್ಟು, ಒಂದೇ ಹೊಲಿಗೆ.
ಬಿಚ್ಚಿ ಮಣೆಯ ಮೇಲೆ ಹರಡಿದಾಗ
ಕತ್ತರಿಯನ್ನು ಕೆಳಗಿಟ್ಟೆ.

"ಅಮ್ಮಾ, ಇಲ್ಲಿ ಬನ್ನಿ.
ಇಂಗ್ಲಿಷಿನ ಮೊದಲ ಎಲೆ ಎತ್ತಿ ನೋಡಿ,
ಕನ್ನಡದ ಮೊದಲ ಎಲೆಯೂ ಏಳುತ್ತದೆ. ಎರಡೂ ಒಂದೇ ಹಾಳೆ,
ನಡುವೆ ಮಡಚಿದ್ದು ಅಷ್ಟೆ.
ಎರಡನೆಯದೂ ಹಾಗೇ. ಎಲ್ಲವೂ ಹಾಗೇ.
ಕತ್ತರಿಸಲು ಬರುತ್ತದೆ.
ಆಮೇಲೆ ಎರಡೂ ಕಡೆ ಬರೀ ಬಿಡಿ ಎಲೆ,
ಹೊಲಿಯಲು ಮಡಿಕೆಯೇ ಇರದು."

ನಟ್ಟನಡುವಿನ ಹಾಳೆ ತಿರುಗಿಸಿ ತೋರಿಸಿದೆ.
ಎಡಕ್ಕೆ ಇಂಗ್ಲಿಷು: ತಾಯಿಯ ಮಂಡಿ ಊದಿದೆ,
ಎಣ್ಣೆ ತರಿಸಬೇಕು.
ಬಲಕ್ಕೆ, ತಲೆಕೆಳಗಾಗಿ, ಪೆನ್ಸಿಲ್ಲು:
"ಇವತ್ತು ಲಿಡಿಯಮ್ಮ ಮಾತಾಡಲಿಲ್ಲ. ನಾನೂ.
ಹೊತ್ತು ಹೋದದ್ದು ತಿಳಿಯಲಿಲ್ಲ."
ತೂತು ಸರಿಯಾಗಿ ಈ ಎರಡರ ನಡುವೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಪಕ್ಕದ ಕಾಫಿಪುಡಿ ಮಿಷನ್ನು ಗಕ್ಕನೆ ನಿಂತಿತು.
ವಿಮಲಾಕ್ಷಿಯವರು ಸ್ಟೂಲಿನ ಮೇಲೆ ಕೂತರು.
ಮೈಲುತುತ್ತ ಕಲಸಿದ ಮೈದಾ ಅಂಟು ಕೆನೆಗಟ್ಟುತ್ತಿತ್ತು,
ಎದ್ದು ಕದಡಬೇಕಿತ್ತು. ಏಳಲಿಲ್ಲ.
ಹಾಳೆಗಳ ಮೇಲೊಂದು ಇರುವೆ
ಇಂಗ್ಲಿಷಿನಿಂದ ಕನ್ನಡಕ್ಕೆ ಹೋಯಿತು,
ಮತ್ತೆ ಬಂದಿತು.

ಬಹಳ ಹೊತ್ತಿನ ಮೇಲೆ ಅವರೆಂದರು,
"ಹಾಗಾದರೆ ಸೀಮೆಯವರಿಗೆ ಏನು ಬರೆಯಲಿ?"
ಅದು ನನಗೂ ಗೊತ್ತಿಲ್ಲ.
"ಹೊಲಿಯಲು ಎಷ್ಟು?" "ನಲವತ್ತು ರೂಪಾಯಿ."
"ಮೂವತ್ತೈದು ಮಾಡಿ."

ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು.
ಮೊದಲಿನ ತೂತುಗಳು ಇನ್ನೂ ಗಟ್ಟಿಯಿದ್ದವು,
ಹೊಸದು ಚುಚ್ಚಲಿಲ್ಲ.