ಕಚ್ಚು ಕೂತಿತು

ಹೊರಗೆ ಮೈನಸ್ ಮೂವತ್ತೊಂದು. ಉಲಾನ್‌ಬಾತರಿನಲ್ಲಿ
ಈ ತಿಂಗಳು ಯಾರ ಕೈ ಕುಲುಕಿದರೂ ಕಿಡಿ.
ಅದಕ್ಕೇ ಮೊದಲು ಕಿಟಕಿಯ ಕಬ್ಬಿಣ ಮುಟ್ಟುತ್ತೇನೆ,
ಆಮೇಲೆ ನಮ್‌ಖಾಯ್ ಅವರ ಲ್ಯಾಪ್‌ಟಾಪಿನ ಹೊಟ್ಟೆ.

ಇಪ್ಪತ್ತು ವರ್ಷದ ಕುದುರೆ ಓಟ ಅದರೊಳಗಿದೆ:
ಯಾವ ಕಂದು, ಎಷ್ಟು ನಿಮಿಷ, ಯಾರ ಮನೆಯ ಹುಡುಗ ಸವಾರ.
ಹೊಸ ಡ್ರೈವ್ ಅವರೇ ತಂದದ್ದು, ನಿಲುವಂಗಿಯೊಳಗೆ,
ಈಗಷ್ಟೇ ಹುಟ್ಟಿದ ಕುರಿಮರಿಯನ್ನು ತರುವ ಹಾಗೆ.

ಓರೆಯಾಗಿ ತೂರಿಸಿದೆ, ಒತ್ತಿದೆ, ಕಚ್ಚು ಕೂತಿತು.
ಅಕ್ಕಿಕಾಳಿನಷ್ಟು ಸ್ಕ್ರೂ, ಅದೂ ಕೂತಿತು.
ಬಯೋಸ್ ತೆರೆದರೆ ಅಲ್ಲಿ ಏನೂ ಇಲ್ಲ.
ತೆಗೆದು ಹಾಕಿದೆ. ಇಲ್ಲ.
ಬಯೋಸನ್ನೇ ಹೊಸದು ಮಾಡಿದೆ. ಇಲ್ಲ.
"ಸತ್ತಿದೆಯಾ?"
ನನ್ನ ಯಂತ್ರಕ್ಕೆ ಹಾಕಿದರೆ ಒಂದು ಟೆರಾಬೈಟ್, ತಕ್ಷಣ ಹಾಜರು.

ಇದು ಎನ್‌ವಿಎಂಇ, ನಿಮ್ಮ ಸ್ಲಾಟಿಗೆ ಸಾಟಾ ಮಾತ್ರ
ಗೊತ್ತು, ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು
"ತಡಿ ಸರಿಯಾಗಿ ಕೂತಿದೆ,
ಕುದುರೆಗೆ ಕಡಿವಾಣ ಹಿಡಿಸಿಲ್ಲ, ಅನ್ನು" ಎಂದರು.

ಡ್ರಾಯರಿನಲ್ಲಿ ಹಳೆಯ ಸಾಟಾ ಒಂದಿತ್ತು.
ಇದು ನಿಧಾನ, ಎಂದೆ.
ಅವರು ಉಪ್ಪು ಚಹಾ ಊದುತ್ತ,
"ಒಳಗಿರುವುದೆಲ್ಲ ಓಡಿ ಮುಗಿದ ಕುದುರೆ. ಆತುರವೇನಮ್ಮ?"

ಆದರೂ ನಕಲು ಶುರುವಾದ ಕೂಡಲೇ
ಜೇಬಿನೊಳಗೆ ಟಿಕ್ ಎಂದಿತು
ಸ್ಟಾಪ್‌ವಾಚು.